ಮಗ್ಗದ ಸಪ್ಪಳದಲ್ಲಿ ಅವ್ವನ ದನಿ

ನಮ್ಮ ಬನಹಟ್ಟಿ ಓಣಿಯಲ್ಲಿ ಆಗ ಯಾರೂ ಯಾರನ್ನೂ ಕೂಗಿ ಕರೆಯುತ್ತಿರಲಿಲ್ಲ. ಕೂಗಿದರೆ ಕೇಳಬೇಕಲ್ರೀ! ನಮ್ಮ ಮನೆಯಲ್ಲಿ ನಾಲ್ಕು ಪಾವರ್‌ಲೂಮು, ಎದುರಿನವರಲ್ಲಿ ಆರು, ಹಿತ್ತಲಿನವರಲ್ಲಿ ಎರಡು. ಮುಂಜಾನೆ ಖಟಾಖಟ ಅಂತ ಹತ್ತಿಕೊಂಡರೆ ಕರೆಂಟು ಹೋದಾಗಲೇ ಅವು ಬಾಯಿ ಮುಚ್ಚುತ್ತಿದ್ದವು. ಬೇರೆ ಊರಿನ ಬೀಗರು ಬಂದರೆ ಒಂದು ತಾಸಿನಲ್ಲೇ ತಲೆ ಹಿಡಿದುಕೊಂಡು, "ಹೆಂಗ ಇರ್ತೀರೋ ಮಾರಾಯಾ ಇದರಾಗ" ಅನ್ನುತ್ತಿದ್ದರು. ನಮಗೆ ಅದು ಸಪ್ಪಳ ಅನ್ನುವುದೇ ಮರೆತುಹೋಗಿತ್ತು. ಮಗ್ಗ ನಿಂತರೆ ತೊಟ್ಟಿಲಲ್ಲಿ ಮಲಗಿದ ಕೂಸು ಎದ್ದು ಅಳುತ್ತಿತ್ತು, ಅಂಥ ಓಣಿ ನಮ್ಮದು.

ಹಾಗಾದರೆ ಮಾತು? ಮಾತಿಗೇನೂ ಬರ ಇರಲಿಲ್ಲ. ತುಟಿಯಲ್ಲೇ ಆಡುತ್ತಿದ್ದೆವು. ದನಿ ತೆಗೆಯದೆ ತುಟಿ ಅಲ್ಲಾಡಿಸಿದರೆ ಸಾಕು, ಎದುರು ಕಟ್ಟೆಯ ಮೇಲೆ ಕೂತವರಿಗೆ ನಮ್ಮ ಮನೆಯ ಪಲ್ಯ ಯಾವುದು ಅನ್ನುವುದು ತಿಳಿಯುತ್ತಿತ್ತು. ಬೈಗುಳ, ಚಾಡಿ, ಅತ್ತೆ ಸೊಸೆಯರ ಜಗಳ, ಎಲ್ಲವೂ ತುಟಿಯಲ್ಲೇ ನಡೆದು ತುಟಿಯಲ್ಲೇ ಮುಗಿಯುತ್ತಿದ್ದವು. ಹುಡುಗಿಯರು ನಾವು ಗಜ್ಜುಗ ಆಡಿ ಬೇಸರವಾದರೆ, ಓಣಿಯ ಆ ಕಡೆ ಒಬ್ಬಳು ಈ ಕಡೆ ಒಬ್ಬಳು ನಿಂತು ದನಿಯಿಲ್ಲದೆ ತಿಂಡಿಯ ಹೆಸರು ಹೇಳುವ ಆಟ ಆಡುತ್ತಿದ್ದೆವು. ತುಟಿ ತಪ್ಪು ಓದಿದವಳು ಓಣಿತುಂಬ ಕುಂಟಬೇಕು. ನಾನು ಕುಂಟಿದ್ದು ಕಡಿಮೆ. ಆ ಸೊಕ್ಕು ನನಗೆ ಬಹಳ ಇತ್ತು.

ಮಗ್ಗದ ಎಣ್ಣೆ, ನೂಲಿಗೆ ಹಾಕಿದ ಗಂಜಿ, ಒಲೆಯ ಮೇಲಿನ ರೊಟ್ಟಿ, ಈ ಮೂರೂ ಕೂಡಿದ ವಾಸನೆಯೇ ನನಗೆ ಮನೆ ಅಂದರೆ. ಗಾಳಿಯಲ್ಲಿ ಯಾವಾಗಲೂ ಹತ್ತಿಯ ಧೂಳು. ಸಾಲಿಗೆ ಹೋದಾಗ ಜಡೆಯ ಮೇಲೆ ಅದೇ ಕೂತಿರುತ್ತಿತ್ತು. "ಏ ಕಸ್ತೂರಿ, ಮುದುಕಿ ಆದ್ಯಲ್ಲಬೇ" ಅಂತ ಗೆಳತಿಯರು ನಗುತ್ತಿದ್ದರು.

ಅವ್ವ ಮಾತ್ರ ಈ ಓಣಿಯವಳಲ್ಲ. ಅವಳು ಚಿಮ್ಮಡದ ಒಕ್ಕಲಿಗರ ಮನೆಯವಳು, ಹೊಲದಲ್ಲಿ ಬೆಳೆದವಳು. ಈ ಬದುವಿನಿಂದ ಆ ಬದುವಿಗೆ ಕೂಗಿ ಮಾತಾಡಿದ ಗಂಟಲು ಅವಳದು. ಲಗ್ನವಾಗಿ ಬಂದ ಹೊಸದರಲ್ಲಿ ಮಗ್ಗದ ಸಪ್ಪಳವನ್ನೇ ಗೆಲ್ಲುತ್ತೇನೆ ಅಂತ ಒದರುತ್ತಿದ್ದಳಂತೆ. ಅಪ್ಪ ನಗುತ್ತಾ ತುಟಿಯಲ್ಲಿ, "ಮಗ್ಗದ ಕೂಡ ಜಗಳಾ ಮಾಡಬ್ಯಾಡ, ಅದು ಸೋಲೂದಿಲ್ಲ" ಅನ್ನುತ್ತಿದ್ದನಂತೆ. ಆಮೇಲೆ ಅವಳೂ ಕಲಿತಳು. ಕಲಿತು ನಮಗಿಂತ ಮುಂದೆ ಹೋದಳು. ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಾ, ನಾಲ್ಕೂ ಮಗ್ಗದ ಮೇಲೆ ಕಣ್ಣಿಡುತ್ತಾ, ಅಪ್ಪನ ಕೂಡ ಇಡೀ ದಿನ ಹರಟೆ ಹೊಡೆಯುತ್ತಿದ್ದಳು, ಒಂದು ಸಲವೂ ದನಿ ತೆಗೆಯದೆ.

ಕೇಡು ಬಂದದ್ದು ಇಲ್ಲೇ ನೋಡ್ರಿ.

ಆ ವರ್ಷ ಮಳೆ ಛಲೋ ಆಗಿತ್ತು. ಕರೆಂಟು ಹೋಗಿದ್ದೇ ಕಡಿಮೆ. ಓಣಿಯವರೆಲ್ಲ ಖುಷಿ. ನಮ್ಮ ಮಗ್ಗಗಳು ನಿಂತದ್ದೇ ಇಲ್ಲ ಅನ್ನಬೇಕು. ಅವ್ವನ ಗಂಟಲು ಯಾವಾಗ ಕಟ್ಟಿತೋ, ಎಷ್ಟು ದಿನ ಹಾಗೇ ಇತ್ತೋ, ನಮಗೆ ಯಾರಿಗೂ ಗೊತ್ತಾಗಲಿಲ್ಲ. ಅವಳು ಮಾತಾಡುತ್ತಿದ್ದಳು, ನಾವು ತಿಳಿದುಕೊಳ್ಳುತ್ತಿದ್ದೆವು. ಒಮ್ಮೊಮ್ಮೆ ಸಪ್ಪಳ ನಿಂತರೂ ಅವಳು ರೂಢಿಯ ಮೇಲೆ ತುಟಿಯಲ್ಲೇ ಆಡುತ್ತಿದ್ದಳು; ಕೆಮ್ಮಿದರೆ, ಧೂಳು ಅನ್ನುತ್ತಿದ್ದೆವು. ನೇಕಾರರ ಮನೆಯಲ್ಲಿ ಕೆಮ್ಮದೆ ಇರುವವರು ಯಾರು? ಅಪ್ಪನೂ ಕೆಮ್ಮುತ್ತಿದ್ದ, ಎದುರು ಮನೆಯ ಮುದುಕನೂ ಕೆಮ್ಮುತ್ತಿದ್ದ.

ಗೊತ್ತಾದದ್ದು ಎಳ್ಳ ಅಮವಾಸಿಯ ದಿನ, ಚಿಮ್ಮಡದಲ್ಲಿ. ಪ್ರತಿ ವರ್ಷ ಆ ದಿನ ಅವ್ವನ ಅಕ್ಕ, ಅಂದರೆ ನನ್ನ ದೊಡ್ಡವ್ವನ ಹೊಲಕ್ಕೆ ಚರಗ ಚೆಲ್ಲಲು ಹೋಗುತ್ತಿದ್ದೆವು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಶೇಂಗಾದ ಹೋಳಿಗೆ, ಗಟ್ಟಿ ಮೊಸರು, ಬುಟ್ಟಿ ತುಂಬ. ಊಟಕ್ಕೆ ಮೊದಲು ಅದರಲ್ಲಿ ಒಂದಿಷ್ಟು ಕಲಸಿ ಹೊಲದ ಸುತ್ತ ಚೆಲ್ಲುತ್ತಾ ಕೂಗಬೇಕು. ಒಬ್ಬರು "ಹುಲಿಗ್ಯೋ" ಅಂತ ಕೂಗಿದರೆ ಉಳಿದವರು ಓಗೊಡಬೇಕು. ಅದು ಗಂಡಸರ ಕೆಲಸ. ಆದರೆ ದೊಡ್ಡವ್ವನ ಹೊಲದಲ್ಲಿ ಕೂಗುವ ಹಕ್ಕು ಅವ್ವನದೇ. ನಾಲ್ಕು ಹೊಲದಾಚೆಯವರೂ ಕೇಳಿ, "ಬನಹಟ್ಟಿ ನೀಲವ್ವ ಬಂದಾಳಪಾ" ಅಂತ ನಗುತ್ತಿದ್ದರಂತೆ.

ಆ ಸಲವೂ ಅವ್ವ ಸೆರಗು ಸಿಕ್ಕಿಸಿಕೊಂಡು, ಬದುವಿನ ಮೇಲೆ ನಿಂತು, ಬಾಯಿ ತೆರೆದಳು. ಹಳೆಯ ಗೋಣಿಚೀಲ ಹರಿದಂಥ ಒಂದು ಉಸಿರು ಬಂತು. ಮತ್ತೆ ತೆರೆದಳು. ಮತ್ತೆ ಅಷ್ಟೇ. ಜೋಳದ ಬೆಳೆ ಎದೆಯೆತ್ತರ ನಿಂತಿತ್ತು, ಗಾಳಿಯೂ ಇರಲಿಲ್ಲ. ಅಂಥ ಸದ್ದಿಲ್ಲದ ಜಾಗದಲ್ಲಿ ನಾವು ಅವಳ ಗಂಟಲನ್ನು ಮೊದಲ ಸಲ ಕೇಳಿಸಿಕೊಂಡೆವು.

ದೊಡ್ಡವ್ವ ಬುಟ್ಟಿ ಕೆಳಗಿಟ್ಟಳು. "ಏನಬೇ ನೀಲಾ ಇದು? ಯಾವಾಗಿಂದ ಹಿಂಗ?"

ಅವ್ವ ಗಂಟಲು ಮುಟ್ಟಿಕೊಂಡು ನಿಂತಳು. "ಗೊತ್ತಿಲ್ಲ ಅಕ್ಕಾ" ಅಂದಳು, ಆ ಹರಿದ ಉಸಿರಿನಲ್ಲೇ. ಖರೆ ಹೇಳಬೇಕಂದರೆ ಅವಳಿಗೂ ಗೊತ್ತಿರಲಿಲ್ಲ. ತನ್ನ ದನಿಯನ್ನು ತಾನೂ ಕೇಳದೆ ಎಷ್ಟೋ ತಿಂಗಳಾಗಿತ್ತು.

ದೊಡ್ಡವ್ವ ಅಪ್ಪನ ಕಡೆ ತಿರುಗಿದಳು. "ಈರಪ್ಪಾ, ಒಂದ ಮನ್ಯಾಗ ಇರ್ತೀರಿ, ಕಿವಿ ಎಲ್ಲಿ ಇಟ್ಟಿದ್ಯೋ?" ಅಪ್ಪ ಬದುವಿನ ಮೇಲೆ ಕೂತುಬಿಟ್ಟ. ಆ ದಿನ ಹೋಳಿಗೆಯ ಬುಟ್ಟಿ ಹಾಗೇ ಮನೆಗೆ ವಾಪಸು ಬಂತು.

ಜಮಖಂಡಿಯ ಡಾಕ್ಟರು ಬಾಯಿಯೊಳಗೆ ಬ್ಯಾಟರಿ ಬಿಟ್ಟು ನೋಡಿ, "ಮಿರಜಿಗೆ ಒಯ್ರಿ, ತಡಾ ಮಾಡಬ್ಯಾಡ್ರಿ" ಅಂದರು. ಮಿರಜಿನ ದವಾಖಾನೆಯಲ್ಲಿ ಗಂಟಲಿಗೆ ನಳಿಗೆ ಇಳಿಸಿ ನೋಡಿದರು, ಚೂರು ತೆಗೆದರು, ಕಡೆಗೆ ಹೆಸರು ಹೇಳಿದರು. ಆ ಹೆಸರನ್ನು ನಮ್ಮ ಓಣಿಯಲ್ಲಿ ತುಟಿಯಲ್ಲೂ ಯಾರೂ ಪೂರ್ತಿ ಆಡುತ್ತಿರಲಿಲ್ಲ. "ಆ ಜಡ್ಡು" ಅನ್ನುತ್ತಿದ್ದರು. ಅವ್ವ ಎಲೆ ಅಡಿಕೆಯ ಜೊತೆ ತಂಬಾಕು ಹಾಕುತ್ತಿದ್ದಳು; ಡಾಕ್ಟರು ಅದನ್ನು ಕೇಳಿದರು, ಬರೆದುಕೊಂಡರು. "ಮೊದಲ ಬಂದಿದ್ರ ಬರೇ ಕರೆಂಟ, ಅಂದ್ರ ರೇಡಿಯೇಶನ್, ಕೊಟ್ಟು ನೋಡಬಹುದಿತ್ತು. ಈಗ ದನಿಪೆಟಗಿ ತಗೀಬೇಕು. ಜೀವಾ ಉಳದ್ರ ಅದರಿಂದನ ಉಳೀಬೇಕು."

ಮೊದಲು ಅನ್ನುವ ಆ ಒಂದು ಮಾತು ಅಪ್ಪನನ್ನು ತಿಂದುಹಾಕಿತು. ದವಾಖಾನೆಯ ಅಂಗಳದ ಬೇವಿನ ಗಿಡದ ಕೆಳಗೆ ಕೂತು ಅವನು ಹೇಳಿದ್ದನ್ನೇ ಹೇಳುತ್ತಿದ್ದ. "ದಿನಾ ಎದುರಿಗೆ ನಿಂತ ಮಾತಾಡೇನಿ. ದಿನಾ. ಮಾತು ತಿಳೀತು, ದನಿ ಹೋಗಿದ್ದ ತಿಳೀಲಿಲ್ಲ."

ದೊಡ್ಡವ್ವ ಅವ್ವನಿಗೆ ಧೈರ್ಯ ಹೇಳಲು ಹೋದಳು. "ಜೀವ ಇದ್ರ ಸಾಕ ತಂಗೀ, ದನಿ ತಗೊಂಡ ಏನ ಮಾಡೂದೈತಿ?"

"ಹಂಗಾರ ನಿಂದ ತಗಸು" ಅಂದಳು ಅವ್ವ. "ನಿಂದೂ ಒದರೂದ ಭಾಳ ಆತು, ಓಣಿ ಮಂದಿ ಪುಣ್ಯಾ ಬರತೈತಿ." ಆ ಹರಕು ದನಿಯಲ್ಲಿ ಹೇಳಿ ತಾನೇ ನಕ್ಕಳು. ಮರುದಿನ ಒಳಗೆ ಒಯ್ಯುವಾಗ ಅಪ್ಪನ ಕೈ ಹಿಡಿದು ಏನು ಹೇಳಿದಳು ಗೊತ್ತೇನು? "ಎರಡನೇ ಮಗ್ಗದ ಲಾಳಿ ಸವದೈತಿ, ಬದಲ ಮಾಡ್ರಿ, ಇಲ್ಲಂದ್ರ ನೂಲ ಹರೀತಾವ." ಬಾಯಿಂದ ದನಿಯಾಗಿ ಹೊರಗೆ ಬಂದ ಅವಳ ಕಡೆಯ ಮಾತು ಅದು. ಅದಕ್ಕಿಂತ ದೊಡ್ಡದು ಏನಾದರೂ ಹೇಳಬೇಕಿತ್ತು ಅಂತ ನಾನು ಬಹಳ ವರ್ಷ ಸಿಟ್ಟಾಗಿದ್ದೆ. ಈಗ ನನಗೂ ಮನೆ ಮಠ ಇದೆ. ಹೇಳಲಿಕ್ಕೆ ಬೇರೆ ಏನಿರುತ್ತದೆ ಅನ್ನಿಸುತ್ತದೆ.

ಅವಳು ಹೊರಗೆ ಬಂದಾಗ ಕುತ್ತಿಗೆಯ ಬುಡದಲ್ಲಿ ಒಂದು ತೂತು, ತೂತಿನಲ್ಲಿ ನಳಿಗೆ, ಮೂಗಿನಲ್ಲಿ ಊಟದ ನಳಿಗೆ. ಉಸಿರು ಆ ತೂತಿನಿಂದಲೇ ಹೋಗಿ ಬರುತ್ತಿತ್ತು. ಹೆಂಗಸರ ವಾರ್ಡಿನಲ್ಲಿ ಗಂಡಸರನ್ನು ನಿಲ್ಲಗೊಡುತ್ತಿರಲಿಲ್ಲ. ದೊಡ್ಡವ್ವನಿಗೆ ತುಟಿಯ ಮಾತು ಒಂದಕ್ಷರ ತಿಳಿಯದು. ಅವ್ವನಿಗೆ ಬರೆಯಲು ಬಾರದು, ರುಜು ಒಂದು ಬಿಟ್ಟು. ಹಾಗಾಗಿ ಆರನೇ ಇಯತ್ತೆಯ ನಾನು ಆ ವರ್ಷದ ಸಾಲಿ ಬಿಟ್ಟು ಅವಳ ಬಾಯಾಗಿ ಕೂತೆ.

ಅಲ್ಲಿ ಎಲ್ಲರದೂ ಒಂದೇ ತಪ್ಪು. ಮಾತು ಬಾರದವಳಿಗೆ ಕಿವಿಯೂ ಕೇಳದು ಅಂದುಕೊಂಡು ಒದರುವುದು. ಒಬ್ಬ ನರ್ಸಮ್ಮ ಕಿವಿಯ ಹತ್ತಿರ ಬಂದು, "ನೋವು ಐತೇನ್ರೀ?" ಅಂತ ಕಿರುಚಿದಳು. ಅವ್ವ ನನ್ನ ಕಡೆ ನೋಡಿ ತುಟಿಯಲ್ಲಿ, "ಈಕಿ ಗಂಡನ ಕಿವಿ ಇನ್ನ ಉಳದಾವೇನ ಕೇಳು" ಅಂದಳು. ನನಗೆ ನಗು ತಡೆಯಲಿಲ್ಲ. "ಏನಂದ್ರು?" ಅಂತ ನರ್ಸಮ್ಮ ಕೇಳಿದಳು. "ನೀವು ಭಾಳ ಛಲೋ ನೋಡಕೋತೀರಿ ಅಂತ್ರಿ" ಅಂದೆ. ಅವಳು ಖರೆನೇ ಛಲೋ ನೋಡಿಕೊಳ್ಳುತ್ತಿದ್ದಳು. ನಳಿಗೆ ಹೇಗೆ ತೆಗೆಯಬೇಕು, ಹೇಗೆ ತೊಳೆಯಬೇಕು, ಕಫ ಹೇಗೆ ಎಳೆಯಬೇಕು ಅಂತ ಬಾಗಿಲಲ್ಲಿ ನಿಂತ ಅಪ್ಪನಿಗೆ ಕಲಿಸಿದವಳು ಅವಳೇ.

ಕರೆಂಟು ಕೊಡುವುದೂ ಮುಗಿದು ಬೇಸಿಗೆಯಲ್ಲಿ ಮನೆಗೆ ಬಂದೆವು. ಕುತ್ತಿಗೆಯ ಚರ್ಮ ಸುಟ್ಟ ರೊಟ್ಟಿಯ ಬಣ್ಣಕ್ಕೆ ಬಂದಿತ್ತು. ಡಾಕ್ಟರು ಒಂದು ಮಾತು ಗಟ್ಟಿಯಾಗಿ ಹೇಳಿದ್ದರು: ಧೂಳಿನಲ್ಲಿ ಇಡಬೇಡಿ. ಧೂಳಿಲ್ಲದ ಮನೆಯನ್ನು ನೇಕಾರ ಎಲ್ಲಿಂದ ತರಬೇಕು? ಮುಂದಿನ ಪಡಸಾಲೆಯಲ್ಲಿ ಮಗ್ಗ, ಹಿಂದೆ ಅಡಿಗೆ ಕೋಣೆ, ನಡುವೆ ಒಂದು ಬಾಗಿಲು. ಅಷ್ಟೇ ಮನೆ. ಅಪ್ಪ ನಾಲ್ಕೂ ಮಗ್ಗ ನಿಲ್ಲಿಸಿದ.

ನಿಲ್ಲಿಸಿದ್ದೇ ತಪ್ಪಾಯಿತು. ಅವ್ವನನ್ನು ನೋಡಲು ಓಣಿಯ ಹೆಂಗಸರು ಬಂದರು. ನಮ್ಮ ಮನೆ ಸುಮ್ಮನಿತ್ತಲ್ಲ, ಹಿಂದಿನ ಕೋಣೆಯಲ್ಲಿ ಕೂತು ಎಲ್ಲರೂ ದನಿ ತೆಗೆದು ಮಾತಾಡಿದರು. ಹೆಂಗಿದ್ದೀ, ಏನ ಉಂಡಿ, ಪಾಪ, ಹಣೆಬರಹ. ಅವ್ವ ತುಟಿ ಅಲ್ಲಾಡಿಸುವುದರೊಳಗೆ ಇನ್ನೊಬ್ಬಳು ಮಾತು ಎತ್ತಿಕೊಳ್ಳುತ್ತಿದ್ದಳು. ಅವಳ ಕಡೆ ನೋಡುವ ರೂಢಿಯೇ ತಪ್ಪಿತು ಅವರಿಗೆ. ಅಷ್ಟು ಮಂದಿಯ ನಡುವೆ ಅವಳೊಬ್ಬಳೇ ಮೂಕಿಯಾಗಿ ಕೂತಳು. ಅವರು ಹೋದ ಮೇಲೆ ಅಪ್ಪನ ಅಂಗಿ ಜಗ್ಗಿ, "ಮಗ್ಗ ಹಚ್ಚರಿ" ಅಂದಳು.

"ಧೂಳ ಆಗಿಬರೂದಿಲ್ಲ ನಿನಗ."

"ಹಚ್ಚರಿ. ಸಪ್ಪಳ ಇದ್ರ ನಾನೂ ನಿಮ್ಮಂಗ ಇರ್ತೀನಿ."

ಅಪ್ಪ ನನ್ನ ಮುಖ ನೋಡಿದ. ಮಗ್ಗ ಹಚ್ಚಿದರೆ ಅವಳಿಗೆ ಮಾತು, ನಿಲ್ಲಿಸಿದರೆ ಅವಳಿಗೆ ಉಸಿರು. ಯಾವುದನ್ನು ಕೊಡುವುದು, ಯಾವುದನ್ನು ಕಸಿಯುವುದು? ಕಡೆಗೆ ಅಪ್ಪ ಎರಡು ಧೋತರ ಕೂಡಿಸಿ ಹೊಲಿದು, ನೀರಲ್ಲಿ ಅದ್ದಿ ನಡುವಿನ ಬಾಗಿಲಿಗೆ ತೂಗುಹಾಕಿದ. ಒಂದು ಪಕ್ಕ ಮಾತ್ರ ಮಡಚಿ, ಮುಖ ಕಾಣುವಷ್ಟು ಜಾಗ ಬಿಟ್ಟ. ತಾಸಿಗೊಮ್ಮೆ ಧೋತರ ನೆನೆಸುವ ಕೆಲಸ ದೊಡ್ಡವ್ವನದು. ಚಿಮ್ಮಡದ ಹೊಲ ಮನೆ ಗಂಡನ ಪಾಲಿಗೆ ಬಿಟ್ಟು ಅವಳು ನಮ್ಮಲ್ಲೇ ಉಳಿದಿದ್ದಳು. ಸಂಜೆ ಧೋತರ ಹಿಂಡಿದರೆ ಬೂದು ನೀರು ಬರುತ್ತಿತ್ತು. ಅದನ್ನು ನೋಡಿ, "ಇದೆಲ್ಲಾ ನನ್ನ ತಂಗಿ ಎದಿಯಾಗ ಹೋಗತಿತ್ತಲ್ಲೋ ಶಿವನೇ" ಅಂತ ಅಳುತ್ತಿದ್ದಳು.

ಮಗ್ಗ ಹತ್ತಿಕೊಂಡ ದಿನ ಅವ್ವನ ಮುಖ ನೋಡಬೇಕಿತ್ತು. ಧೋತರದ ಸಂದಿನಿಂದ ಅಪ್ಪನನ್ನು ನೋಡುತ್ತಾ ಅದೂ ಇದೂ ಆಡಿದಳು. ಅಪ್ಪನೂ ಮಗ್ಗದ ಮುಂದೆ ನಿಂತು ತುಟಿಯಲ್ಲೇ ಉತ್ತರ ಕೊಟ್ಟ. ನೋಡಿದವರು ಏನೂ ಆಗೇ ಇಲ್ಲ ಅನ್ನಬೇಕು. ಆದರೆ ಕರೆಂಟು ಹೋದಾಗ, ಸಪ್ಪಳವಿಲ್ಲದ ಹೊತ್ತಿನಲ್ಲೂ ಅಪ್ಪ ದನಿ ತೆಗೆಯುತ್ತಿರಲಿಲ್ಲ. ಅವಳಿಗೆ ಇಲ್ಲದ್ದು ತನಗೆ ಯಾಕೆ ಅಂದುಕೊಂಡಿದ್ದನೋ ಏನೋ. ಒಂದು ದಿನ ಅವ್ವ ಸಿಟ್ಟಿಗೆದ್ದಳು.

"ನಂದ ಗಂಟಲ ಹೋಗೇತಿ, ಕಿವಿ ಅದಾವ್ರಿ. ನೀವರೆ ದನಿ ತಗದ ಮಾತಾಡ್ರಿ, ಕೇಳತೀನಿ."

ಅಪ್ಪ ಎದ್ದು ಅವಳ ಹಾಸಿಗೆಯ ಹತ್ತಿರ ಬಂದು ಕೂತ. "ಏನ ಮಾತಾಡ್ಲಿ?" ಅಂತ ಜೋರಾಗಿ ಕೇಳಿದ.

"ಏನರೆ. ಬೈರಿ ಬೇಕಾರ."

ಅವನು ಬೈಯಲಿಲ್ಲ. ಎರಡನೇ ಮಗ್ಗಕ್ಕೆ ಹೊಸ ಲಾಳಿ ಹಾಕಿದ್ದು, ಅದು ಹೇಗೆ ಓಡುತ್ತಿದೆ ಅನ್ನುವುದನ್ನು ಒಂದೊಂದಾಗಿ ಹೇಳಿದ. ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು.

ಅಪ್ಪನ ಆರೈಕೆಯನ್ನು ನಾನು ಹೇಗೆ ಬರೆಯಲಿ? ಹರಿದ ಎಳೆಯನ್ನು ಹುಡುಕಿ ಕೆಚ್ಚುವ ಕೈ ಅದು. ಆ ಕೈಯಿಂದಲೇ ದಿನಾ ಒಳಗಿನ ನಳಿಗೆ ತೆಗೆದು, ಬಿಸಿನೀರಲ್ಲಿ ತೊಳೆದು, ಮತ್ತೆ ಹಾಕುತ್ತಿದ್ದ. ತೂತಿನ ಮೇಲೆ ಕಟ್ಟಲು ತೆಳು ಬಟ್ಟೆಯನ್ನು ತಾನೇ ಕತ್ತರಿಸಿ ಅಂಚು ಹೊಲಿಯುತ್ತಿದ್ದ. ಅವ್ವ ಮಲಗಿದಲ್ಲಿಂದ ಕರೆಯಬೇಕಾದರೆ? ಗಂಟೆ ಕೊಟ್ಟರೆ ಮಗ್ಗದ ಸಪ್ಪಳದಲ್ಲಿ ಕೇಳದು. ಅದಕ್ಕೆ ಆರೆಳೆ ನೂಲು ಹುರಿ ಮಾಡಿ, ಒಂದು ತುದಿ ಅವಳ ಮಣಿಕಟ್ಟಿಗೆ, ಇನ್ನೊಂದು ತುದಿ ತನ್ನ ಉಡಿದಾರಕ್ಕೆ ಕಟ್ಟಿಕೊಂಡ. ಅವಳು ಜಗ್ಗಿದರೆ ಮಗ್ಗ ಬಿಟ್ಟು ಓಡಿಬರುತ್ತಿದ್ದ. ಓಣಿಯ ಹೆಂಗಸರು, "ಈರಪ್ಪನ್ನ ನೀಲವ್ವ ದಾರಾ ಕಟ್ಟಿ ಕುಣಸಾಕತ್ತಾಳ" ಅಂತ ಚಾಷ್ಟಿ ಮಾಡಿದರು. ಅವ್ವ ಹಿಗ್ಗಿ, ಅವರ ಎದುರಿಗೇ ಒಂದು ಸಲ ಸುಮ್ಮಸುಮ್ಮನೆ ಜಗ್ಗಿದಳು.

ಪಂಚಮಿ ಹೊತ್ತಿಗೆ ಮೂಗಿನ ನಳಿಗೆ ತೆಗೆದಿದ್ದರು. ಮೆತ್ತಗಿನದು ನುಂಗುತ್ತಿದ್ದಳು. ತಾನೇ ಉಂಡಿ ಕಟ್ಟುತ್ತೇನೆ ಅಂತ ಹಟ ಹಿಡಿದು ಒಲೆಯ ಮುಂದೆ ಕೂತಳು. ದೊಡ್ಡವ್ವ ನೀರಿಗೆ ಹೋಗಿದ್ದಳು. ನಾನು ಹಿತ್ತಲಲ್ಲಿ ಜೋಕಾಲಿ ಆಡುತ್ತಿದ್ದೆ. ಶೇಂಗಾ ಕರಕಾದ ವಾಸನೆ ಅಲ್ಲಿಯವರೆಗೂ ಬಂತು. ಓಡಿಬಂದು ನೋಡಿದರೆ ಬಾಣಲೆಯಿಂದ ಹೊಗೆ ಏಳುತ್ತಿದೆ, ಅವ್ವ ಒಲೆಗೆ ಬೆನ್ನು ಮಾಡಿ ಸಮಾಧಾನವಾಗಿ ಬೆಲ್ಲ ಹೆರೆಯುತ್ತಿದ್ದಾಳೆ. ಉಸಿರು ಕುತ್ತಿಗೆಯಿಂದ ಹೋದ ಮೇಲೆ ಮೂಗಿಗೆ ಏನು ಕೆಲಸ? ಅದನ್ನು ನಮಗೆ ಯಾರೂ ಹೇಳಿರಲಿಲ್ಲ, ಇಲ್ಲಾ ಹೇಳಿದ್ದು ನಮ್ಮ ತಲೆಗೆ ಹೋಗಿರಲಿಲ್ಲ. ನಾನು ಬಾಣಲೆ ಇಳಿಸಿದೆ. ಅವಳು ಕರಕಾದ ಒಂದು ಮುಟಿಗೆ ಶೇಂಗಾ ಎತ್ತಿ ಮೂಗಿಗೆ ಹಿಡಿದಳು. ಒತ್ತಿ ಹಿಡಿದಳು. ಮತ್ತೆ ಮತ್ತೆ ಹಿಡಿದಳು.

"ಇದೂ ಹೋತೇನ ಕಸ್ತೂರಿ?" ಅಂದಳು.

ಆಮೇಲೆ ಅತ್ತಳು. ದನಿಯಿಲ್ಲದ ಅಳುವನ್ನು ನೀವು ನೋಡಿರಲಿಕ್ಕಿಲ್ಲ, ನೋಡುವುದೂ ಬೇಡ. ಬಾಯಿ ಪೂರ್ತಿ ತೆರೆದಿರುತ್ತದೆ, ಹೆಗಲು ಕುಲುಕುತ್ತದೆ, ಕುತ್ತಿಗೆಯ ತೂತಿನಿಂದ ಸುಯ್ ಸುಯ್ ಅಂತ ಗಾಳಿ ಮಾತ್ರ ಬರುತ್ತದೆ. ನನಗೆ ಹೆದರಿಕೆಯಾಗಿ ಅಪ್ಪನನ್ನು ಕರೆಯಲು ಓಡಿದೆ. ಆ ಪಂಚಮಿಗೆ ನಮ್ಮ ಮನೆಯಲ್ಲಿ ಉಂಡಿ ಕಟ್ಟಲಿಲ್ಲ. ಓಣಿಯವರು ಕೊಟ್ಟುಹೋದದ್ದು ಡಬ್ಬಿಯಲ್ಲೇ ಮುಗ್ಗಿತು.

ದಸರೆಯ ಹೊತ್ತಿಗೆ ತೂತಿನ ಪಕ್ಕ ಒಂದು ಗಂಟು ಕಾಣಿಸಿತು. ಸಣ್ಣದು, ಗಜ್ಜುಗದಷ್ಟು. ಅಪ್ಪ ಅದನ್ನು ಮುಟ್ಟಿ ನೋಡಿ, ಮೇಲೆ ಬಟ್ಟೆ ಕಟ್ಟಿದ. ಮತ್ತೆ ಮಿರಜಿನ ಬಸ್ಸು ಹತ್ತಿದೆವು. ಪರೀಕ್ಷೆ ಎಲ್ಲ ಮುಗಿದ ಮೇಲೆ ಡಾಕ್ಟರು, "ನೀವು ಇಲ್ಲೇ ಕೂಡ್ರಿ ತಾಯೀ" ಅಂತ ಅವ್ವನಿಗೆ ಹೇಳಿ, ಅಪ್ಪನನ್ನು ಕರೆದುಕೊಂಡು ಗಾಜಿನ ಬಾಗಿಲಿನ ಆಚೆ ಹೋಗಿ ಬಾಗಿಲು ಹಾಕಿಕೊಂಡರು. ಒಳ್ಳೆಯ ಮನುಷ್ಯ. ಹೆಂಗಸು ಕೇಳಿ ಎದೆಗೆಡಬಾರದು ಅಂತ ಹಾಗೆ ಮಾಡಿದರು. ಪಾಪ, ಅವರಿಗೆ ಮಗ್ಗದ ಮನೆಯವರು ಗೊತ್ತಿರಲಿಲ್ಲ.

ಅಪ್ಪನ ಬೆನ್ನು ನಮ್ಮ ಕಡೆ ಇತ್ತು. ಡಾಕ್ಟರ ಮುಖ ನಮ್ಮ ಕಡೆ. ನಾನೂ ಅವ್ವನೂ ಬೆಂಚಿನ ಮೇಲೆ ಒಬ್ಬರಿಗೊಬ್ಬರು ಹತ್ತಿ ಕೂತು, ಗಾಜಿನಾಚೆಯ ಆ ತುಟಿಗಳನ್ನು ಓದಿದೆವು. "ಮತ್ತ ಬಂದೈತಿ. ಒಳಗ ಭಾಳ ಹಬ್ಬೇತಿ. ಇನ್ನ ಕೊಯ್ಯಾಕ ಬರೂದಿಲ್ಲ. ಮನಿಗೆ ಕರಕೊಂಡ ಹೋಗ್ರಿ. ನೋವಿನ ಗುಳಿಗಿ ಕೊಡ್ತೀನಿ. ಬೇಡಿದ್ದ ಕೊಡ್ರಿ, ಸಂತೋಷ ಇಡ್ರಿ." ಅಪ್ಪನ ಬೆನ್ನು ಏನೋ ಕೇಳಿತು. ಡಾಕ್ಟರು ತಲೆ ಅಲ್ಲಾಡಿಸಿದರು. "ಹೇಳಾಕ ಆಗೂದಿಲ್ರೀ. ದೀಪಾವಳಿ ಕಾಣಬಹುದು."

ನಾನು ಅವ್ವನ ಕಡೆ ನೋಡಲಿಲ್ಲ. ಅವಳ ಕೈ ಬಂದು ನನ್ನ ತೊಡೆಯ ಮೇಲೆ ಕೂತಿತು.

ಅಪ್ಪ ಈಚೆ ಬಂದಾಗ ನಗುತ್ತಿದ್ದ. ಅಂಥ ನಗೆ ಯಾರ ಮುಖದ ಮೇಲೂ ಬರಬಾರದು. "ಏನೂ ಇಲ್ಲಂತ. ಗುಳಿಗಿ ಬರದ ಕೊಟ್ಟಾರ. ಆ ಗಂಟ ಕರಗತೈತಂತ."

"ಹೌದ?" ಅಂದಳು ಅವ್ವ. "ಛಲೋ ಆತ ಬಿಡ್ರಿ. ಬಸ್‌ಸ್ಟ್ಯಾಂಡಿನಾಗ ಹುಡುಗಿಗೆ ಭಜಿ ಕೊಡಸ್ರಿ, ಮುಂಜಾನಿಂದ ಹಸದಾಳ."

ಭಜಿ ತಿಂದೆ. ಅಳುತ್ತಾ ತಿಂದರೆ ಅಪ್ಪನಿಗೆ ಗೊತ್ತಾಗುತ್ತದೆ ಅಂತ ಮೆಣಸಿನಕಾಯಿ ಕಚ್ಚಿ ತಿಂದೆ. ಬಸ್ಸಿನಲ್ಲಿ ಅಪ್ಪ ಮುಂದಿನ ಸೀಟಿನಲ್ಲಿ ಕೂತಿದ್ದ. ಅವ್ವ ನನ್ನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿ, ನಿಧಾನವಾಗಿ ತುಟಿಯಲ್ಲಿ ಹೇಳಿದಳು: "ನಮಗ ಗೊತ್ತಾಗೇತಿ ಅಂತ ಅವರಿಗೆ ಹೇಳಬ್ಯಾಡ. ಹುಟ್ಟಾ ಸುಳ್ಳ ಹೇಳಿದವರಲ್ಲ. ನನ್ನ ಸಲುವಾಗಿ ಕಲತಾರ, ಪಾಪ." ಕಿಟಕಿಯ ಹೊರಗೆ ಕಬ್ಬು ಎತ್ತರಕ್ಕೆ ನಿಂತಿತ್ತು. ಊರು ಬರುವವರೆಗೂ ಅವಳು ಅದನ್ನೇ ನೋಡುತ್ತಾ ಕೂತಳು.

ಆಮೇಲಿನ ದಿನಗಳು ಬರೀ ಮೋಸ. ಅಪ್ಪ ಅವಳಿಗೆ, ಅವಳು ಅಪ್ಪನಿಗೆ, ನಾನು ಇಬ್ಬರಿಗೂ. ಗಂಟು ದೊಡ್ಡದಾಯಿತು, ಒಡೆಯಿತು, ವಾಸನೆ ಶುರುವಾಯಿತು. ದೊಡ್ಡವ್ವ ಲೋಬಾನ ಹಾಕುತ್ತಿದ್ದಳು. ಅವ್ವನಿಗೆ ಆ ವಾಸನೆ ತಿಳಿಯುತ್ತಿರಲಿಲ್ಲ ಅನ್ನುವುದೊಂದೇ ದೇವರು ಮಾಡಿದ ಉಪಕಾರ. ಓಣಿಯವರು ಬರುವುದು ಕಡಿಮೆಯಾಯಿತು. ನುಂಗುವುದು ನಿಂತು ಮತ್ತೆ ಮೂಗಿಗೆ ನಳಿಗೆ ಬಂತು. ನೋವು ಎದ್ದಾಗ ಅವಳು ಬಾಯಿ ತೆರೆಯುತ್ತಿದ್ದಳು. ಬೇರೆ ಮನೆಯಲ್ಲಾದರೆ ಕಿವಿ ಮುಚ್ಚಿಕೊಂಡು ಹೊರಗೆ ಹೋಗಬಹುದು, ನರಳುವುದು ಹಿಂದಿನಿಂದ ಬಂದು ಮುಟ್ಟುತ್ತದೆ. ನಮ್ಮ ಅವ್ವನ ನೋವನ್ನು ನೋಡಿಯೇ ಕೇಳಬೇಕಿತ್ತು. ಮುಖ ತಿರುಗಿಸಿದರೆ ಅವಳ ಬಾಯಿಗೆ ಕೈ ಒತ್ತಿ ಹಿಡಿದಂತೆ. ಅಪ್ಪ ಒಂದು ಸಲವೂ ಮುಖ ತಿರುಗಿಸಲಿಲ್ಲ. ಅವಳು ಏನೆನ್ನುತ್ತಿದ್ದಳೋ ಎಲ್ಲವನ್ನೂ ಕೂತು ನೋಡಿದ.

"ಸಾಕ ಮಾಡ್ರಿ" ಅನ್ನುತ್ತಿದ್ದಳು. ಅದು ನನಗೂ ತಿಳಿಯುತ್ತಿತ್ತು. ದೊಡ್ಡವ್ವ, "ಏನಂತಾಳ, ಏನ ಬೇಕಂತ?" ಅಂತ ನನ್ನನ್ನು ಕೇಳುತ್ತಿದ್ದಳು. "ತುಟಿ ತೋಯಸಾಕ ನೀರ ಬೇಕಂತ" ಅನ್ನುತ್ತಿದ್ದೆ. ದೊಡ್ಡವ್ವ ನೀರು ತರಲು ಓಡುತ್ತಿದ್ದಳು.

ದೀಪಾವಳಿ ಕಂಡಳು. ಪಾಡ್ಯದ ಹಣತೆ ಆರಿದ ಮೇಲಿನ ವಾರ, ನಾನು ಸಾಲಿಯಿಂದ ಬಂದಾಗ ಮಗ್ಗ ಓಡುತ್ತಿದ್ದವು. ಒಂದು ಮಗ್ಗಕ್ಕೆ ಹೊಸ ಬೀಮು, ಹಾಸಿನ ನೂಲು ಸುತ್ತಿದ ಉರುಳೆ, ಬಂದಿತ್ತು. ಅಪ್ಪ ಅದರ ಹಿಂದೆ ಕೂತು ಹಳೆಯ ಎಳೆಗೆ ಹೊಸ ಎಳೆ ಕೆಚ್ಚುತ್ತಿದ್ದ. ಉಡಿದಾರಕ್ಕೆ ಹುರಿ ಕಟ್ಟೇ ಇತ್ತು. ದೊಡ್ಡವ್ವ ಹಿತ್ತಲಲ್ಲಿ ಧೋತರ ಹಿಂಡುತ್ತಿದ್ದಳು. ನಾನು ಪಾಟಿಚೀಲ ಇಟ್ಟು ಒಳಗೆ ಹೋಗಿ, ಅವ್ವನ ಮುಖ ನೋಡಿ, ಅವಳು ಏನೋ ಹೇಳುತ್ತಾಳೆ ಅಂತ ಕಾದೆ. ಬಾಯಿ ಸ್ವಲ್ಪ ತೆರೆದಿತ್ತು. ಕಾದೆ. ಕುತ್ತಿಗೆಯ ಮೇಲಿನ ಬಟ್ಟೆ ಅಲುಗಲಿಲ್ಲ.

ಹುರಿ ಅವಳ ಮಣಿಕಟ್ಟಿನಲ್ಲೇ ಇತ್ತು. ಮುಟಿಗೆಯೊಳಗೂ ಒಂದು ಸುತ್ತು ಸುತ್ತಿಕೊಂಡಿದ್ದಳು. ಜಗ್ಗಿರಲಿಲ್ಲ.

ನಾನೇ ಜಗ್ಗಿದೆ. ಅಪ್ಪ ಎಂದಿನಂತೆ ಓಡಿಬಂದ.

ಆ ದಿನ ನಮ್ಮ ಓಣಿಯ ಎಲ್ಲ ಮಗ್ಗ ನಿಂತವು. ಸಾವಾದರೆ ಮಣ್ಣು ಆಗುವವರೆಗೆ ನಿಲ್ಲಿಸುವುದು ನಮ್ಮಲ್ಲಿ ಪದ್ಧತಿ. ಆ ಸುಮ್ಮನಿರುವ ಓಣಿಯಲ್ಲಿ ಅಪ್ಪ ದನಿ ತೆಗೆದು ಅತ್ತದ್ದು ಊರೆಲ್ಲ ಕೇಳಿರಬೇಕು. "ಒಂದ ಸಲಾ ಜಗ್ಗಬೇಕಾಗಿತ್ತಲ್ಲ, ಇಲ್ಲೇ ಇದ್ನಲ್ಲಾ, ಇಲ್ಲೇ ಇದ್ನಿ" ಅಂತ ಅದನ್ನೇ ಹೇಳಿದ. "ಜಗ್ಗೂ ಶಕ್ತಿ ಇರಲಿಲ್ಲೋ ಈರಪ್ಪಾ" ಅಂದಳು ದೊಡ್ಡವ್ವ. ಅಪ್ಪ ತಲೆ ಅಲ್ಲಾಡಿಸಿದ. "ಶಕ್ತಿ ಇತ್ತು ಅಕ್ಕಾರ. ಮುಂಜಾನೆ ಜಗ್ಗಿದ್ಲು. ಕೆಚ್ಚಾಕತ್ತಾರ, ಎಬ್ಬಸಬಾರದು ಅಂತ ಬಿಟ್ಟಾಳ." ಯಾವುದು ಖರೆ? ಇಂದಿಗೂ ನನಗೆ ಗೊತ್ತಿಲ್ಲ. ಕೇಳೋಣವೆಂದರೆ ಯಾರನ್ನು ಕೇಳುವುದು?

ಈಗ ನಾನು ಮುಧೋಳದಲ್ಲಿ ಇದ್ದೇನೆ. ಓಣಿಯಲ್ಲಿ ಅರ್ಧಕ್ಕರ್ಧ ಮಗ್ಗ ಗುಜರಿಗೆ ಹೋಗಿವೆ. ನಮ್ಮವೂ ಹೋದವು. ಅಪ್ಪ ನನ್ನ ಕೂಡ ಇದ್ದಾನೆ. ಅವ್ವನ ಒಂದೊಂದು ಮಾತೂ ನನಗೆ ನೆನಪಿದೆ, ಮೇಲೆ ಬರೆದೆನಲ್ಲ. ತುಟಿ ಹೇಗೆ ಓರೆಯಾಗುತ್ತಿತ್ತು, ಚಾಷ್ಟಿ ಮಾಡುವ ಮುನ್ನ ಯಾವ ಕಣ್ಣು ಸಣ್ಣದಾಗುತ್ತಿತ್ತು, ಎಲ್ಲ ಎದುರಿಗಿದೆ. ದನಿ ಮಾತ್ರ ಇಲ್ಲ. ಎಷ್ಟು ತಡಕಾಡಿದರೂ ಇಲ್ಲ. ಆಗ ಬಟನ್ ಒತ್ತುವ ಫೋನು ಬಂದಿದ್ದವು, ದನಿ ಹಿಡಿದಿಡಬಹುದು ಅಂತ ಯಾರಿಗೆ ಹೊಳೆದಿತ್ತು? ಈಗಿನವರು ಕೂಸು ಸೀನಿದ್ದನ್ನೂ ಹಿಡಿದಿಟ್ಟುಕೊಳ್ಳುತ್ತಾರೆ. ನಮಗೆ ಫೋಟೋ ಒಂದಿದೆ. ಅದರಲ್ಲೂ ಅವಳು ಬಾಯಿ ಮುಚ್ಚಿಕೊಂಡು ನಿಂತಿದ್ದಾಳೆ.

ಹೋದ ತಿಂಗಳು ನನ್ನ ಮಗಳು ಕೇಳಿದಳು, "ಅಜ್ಜಿ ಹೆಂಗ ಮಾತಾಡತಿದ್ಲು? ಮಾಡಿ ತೋರಸು." ನಾನು ಬಾಯಿ ತೆರೆದೆ. ಏನೂ ಬರಲಿಲ್ಲ. ಬಿಸಿಲಲ್ಲಿ ಕಾಲು ಚಾಚಿ ಕೂತಿದ್ದ ಅಪ್ಪನ ಹತ್ತಿರ ಹೋಗಿ ಕೂತೆ. ಇಷ್ಟು ವರ್ಷ ಕೇಳದ ಮಾತು ಕೇಳಿದೆ.

"ಅಪ್ಪಾ, ಅವ್ವನ ದನಿ ಹೆಂಗಿತ್ತು?"

ಅಪ್ಪ ಚಾಚಿದ ಕಾಲು ಎಳೆದುಕೊಂಡ. ತುಟಿ ಎರಡು ಸಲ ಅಲುಗಿ ನಿಂತವು. ನಾನು ಅವನ್ನೇ ನೋಡುತ್ತಿದ್ದೆ.

"ನಿನಗರೆ ನೆನಪೈತಿ ಅಂತ," ಅಂದ, "ಇಷ್ಟ ವರ್ಷ ಧೈರ್ಯಾ ಇಟಗೊಂಡಿದ್ನಿ."